ಸರೋಜಕ್ಕ ಮೆಟ್ಟಿಲು ಹತ್ತಿದ ದಿನ

ನಮ್ಮ ಕೋಡಿಯ ಸರೋಜಕ್ಕ ಮೀನು ಮಾರುವವಳು. ಕುಂದಾಪುರ ಪೇಟೆಯಲ್ಲಿ ಅವಳ ನಾಲಗೆಗೆ ಹೆದರದವರಿರಲಿಲ್ಲ. ಅಂಥವಳು ಒಬ್ಬನ ಹತ್ತಿರ ಮಾತ್ರ ಬೆಣ್ಣೆಯಾಗುತ್ತಿದ್ದಳು. ಅವನೇ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್, ಜೆರಾಕ್ಸ್ ಅಂಗಡಿ ಇಟ್ಟಿದ್ದ ಉಮಾನಾಥ. ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡವರು ನಮ್ಮ ಕೇರಿಯಲ್ಲಿ ಯಾರಿದ್ದರು? ರೇಷನ್ ಕಾರ್ಡಿನ ನಕಲಿಗೂ ಮಗಳ ಹಾಲ್‌ಟಿಕೆಟ್ಟಿಗೂ ಅವನೇ ಗತಿ.

ಆದರೆ ಆ ಅಂಗಡಿಯೊಳಗೆ ಅವಳು ಕಾಲಿಟ್ಟವಳಲ್ಲ. ಎಸಿ ಕೋಣೆ, ತನ್ನ ಮೈಯೆಲ್ಲ ಮೀನಿನ ವಾಸನೆ, ಕೂತ ಗಿರಾಕಿಗಳು ಮೂಗು ಮುಚ್ಚಿಕೊಂಡಾರು ಎಂದು ತಾನೇ ಹಾಕಿಕೊಂಡ ಮಡಿ. ಮೆಟ್ಟಿಲ ಕೆಳಗೆ ನಿಂತು ಕರೆದರೆ ಉಮಾನಾಥನೇ ಹೊರಗೆ ಬಂದು ಕಾಗದ ಕೊಡುತ್ತಿದ್ದ. ಒಳ್ಳೆಯ ಕಾಣೆ ಮೀನು ಸಿಕ್ಕಿದ ದಿನ ಅವನ ಪಾಲು ಬೇರೆ ಇರುತ್ತಿತ್ತು. ಬಾಯಿತುಂಬ ತಮ್ಮ ಎನ್ನುತ್ತಿದ್ದಳು.

ಎರಡು ಸಾವಿರದ ಹತ್ತರಲ್ಲಿ ಮಗಳು ಅಮಿತಾಳಿಗೆ ಗಂಡು ನೋಡಲು ಶುರುಮಾಡಿದರು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ತಾನೇ ಉಮಾನಾಥನ ಪಕ್ಕ ಕೂತು ನಕ್ಷತ್ರ, ಕುಲದ ಬಳಿ, ಓದು ಎಲ್ಲ ಹೇಳಿ ಬಯೋಡಾಟಾ ಮಾಡಿಸಿದಳು. ಮೇಲೆ ಗಣಪತಿ, ಪಕ್ಕದಲ್ಲಿ ನೀಲಿ ಸೀರೆಯ ಫೋಟೋ. ಸರೋಜಕ್ಕ ಮೊದಲ ಪ್ರತಿಯನ್ನು ಆನೆಗುಡ್ಡೆಗೆ ಒಯ್ದು ದೇವರ ಮುಂದಿಟ್ಟಳು. ಇನ್ನು ಮನೆಗೆ ಬಂದು ಕೇಳಿದ ಹಿರಿಯರಿಗೆ ಮಾತ್ರ ಕೈಯಾರೆ ಕೊಡುವುದು, ಆಗದಿದ್ದರೆ ವಾಪಸು ತರುವುದು ಅವಳ ಕಟ್ಟಳೆ. ಕೇಳದವರ ಕಣ್ಣಿಗೆ ಬಿದ್ದರೆ ಹುಡುಗಿ ಹಗುರವಾಗುತ್ತಾಳೆ ಎನ್ನುತ್ತಿದ್ದಳು. ಯಾರಿಗೂ ತೋರಿಸಬೇಡ ಎಂದು ಉಮಾನಾಥನಿಗೂ ಹೇಳಿದ್ದಳು. ಅಮಿತಾ ನನ್ನ ತಂಗಿಯಿದ್ದ ಹಾಗೆ ಎಂದು ಅವನು ಎದೆ ಮುಟ್ಟಿಕೊಂಡಿದ್ದ.

ವರ್ಷ ಕಳೆದ ಮೇಲೆ ಉಪ್ಪುಂದದ ಚಂದಯ್ಯ ಎಂಬವರ ಮನೆಯ ಸಂಬಂಧ ಬಂತು. ಹುಡುಗ ಬೋಟಿನ ಇಂಜಿನ್ ರಿಪೇರಿಯವನು. ಅಮಿತಾಳಿಗೂ ಫೋಟೋ ಹಿಡಿಸಿತ್ತು. ಜಾತಕ ಕೂಡಿತು, ನೋಡಲು ಬರುವ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಚಂದಯ್ಯ ಪೇಟೆಗೆ ಬಂದವರು ಜೆರಾಕ್ಸಿಗೆಂದು ಉಮಾನಾಥನ ಅಂಗಡಿಯನ್ನೇ ಹೊಕ್ಕರು. ಸಂಜೆ ಅವರ ಫೋನು ಬಂತು.

"ಅಂಗ್ಡಿ ಗೋಡಿ ಮೇಲಿಪ್ಪ ಹೆಣ್ಣನ್ನ ನಾವ್ ಮನಿಗ್ ಬಂದ್ ಕಾಂಬುದೆಂತಕೆ?"

ಕಡಿದು ಎರಡು ತುಂಡು ಮಾಡಿದಂಥ ಮಾತು. ಆ ಮುದುಕನ ಮೇಲೂ ನನಗೆ ಸಿಟ್ಟಿದೆ. ಗೋಡೆಗೆ ಅಂಟಿಸಿದವರು ಯಾರು ಎಂದು ಒಂದು ಮಾತು ಕೇಳಬಾರದಿತ್ತೇ?

ಮರುದಿನ ಸರೋಜಕ್ಕ ಮೀನಿನ ಬುಟ್ಟಿಯ ಸಮೇತ ಆ ಮೆಟ್ಟಿಲು ಹತ್ತಿದಳು. ಪಕ್ಕದ ಮನೆಯವಳೆಂದು ನಾನೂ ಜೊತೆಗಿದ್ದೆ. ಒಳಗಿನ ಗೋಡೆಯ ಮೇಲೆ ಮದುವೆ ಕಾಗದ, ಗೃಹಪ್ರವೇಶದ ಕಾರ್ಡುಗಳ ನಡುವೆ ಅಮಿತಾ ನಗುತ್ತಿದ್ದಳು. ನೀಲಿ ಸೀರೆ ಕಿಟಕಿಯ ಬಿಸಿಲಿಗೆ ಬಿಳಿಚಿಕೊಂಡಿತ್ತು. ಕೆಳಗೆ, ಕಲರ್ ಬಯೋಡಾಟಾ ಮಾಡಿಕೊಡಲಾಗುವುದು ಎಂಬ ಬರಹ.

"ಎಲ್ಲರದ್ದಕ್ಕಿಂತ ಚಂದ ಬಂದಿತ್ತಕ್ಕ, ಅದ್ಕೆ ಸ್ಯಾಂಪಲ್ಲಿಗೆ ಹಾಕ್ದೆ" ಎಂದ ಉಮಾನಾಥ. ಯಾರು ಓದುತ್ತಾರೆ ಅದನ್ನೆಲ್ಲ, ಎಂದೂ ಸೇರಿಸಿದ. ನಾಚಿಕೆಯ ಸುಳಿವೂ ಅವನ ಮುಖದಲ್ಲಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಪೇಟೆಯನ್ನೇ ನಡುಗಿಸುವ ನಾಲಗೆಗೆ ಒಂದು ಬೈಗುಳವೂ ಹುಟ್ಟಲಿಲ್ಲ. ಹಾಳೆ ಕಿತ್ತು ಮಡಿಚಿ ಕುಪ್ಪಸದೊಳಗಿಟ್ಟು ಇಳಿದು ಬಂದಳು. ದಾರಿಯುದ್ದಕ್ಕೂ ಅಳುತ್ತಿದ್ದಳು.

ಮನೆಯಲ್ಲಿ ಹಾಳೆಯನ್ನು ಮಗಳ ಮುಂದೆ ಹಾಕಿ, ತಮ್ಮ ಎಂದು ನಂಬಿದ್ದಕ್ಕೆ ಅವನು ಮಾಡಿದ್ದು ನೋಡು ಎಂದಳು. ಅಮಿತಾ ಬೆಚ್ಚಲಿಲ್ಲ. ಕೆಲಸಕ್ಕೆ ಹೋಗುವ ದಾರಿ ಅದೇ ಅಂಗಡಿಯ ಮುಂದೆ. ಶುರುವಿನಲ್ಲೇ ಜೆರಾಕ್ಸಿಗೆಂದು ಒಳಗೆ ಹೋದಾಗ ಕಂಡಿದ್ದೆ, ಆಮೇಲೆ ತಲೆ ತಗ್ಗಿಸಿ ದಾಟುತ್ತಿದ್ದೆ ಎಂದಳು. ಹೇಳಲಿಲ್ಲವೇಕೆ ಎಂದು ನಾನೇ ಕೇಳಿದೆ. ಅವಳು ತಾಯಿಯ ಕಡೆ ನೋಡಿದಳು.

"ಅದ್ ನೀನೇ ಹಾಕ್ಸದ್ದ್ ಅಂದ್ಕಂಡಿದ್ದೆ ಅಮ್ಮ. ಗಂಡ್ ಬೇಗ ಸಿಕ್ಲಿ ಅಂದೇಳಿ."

"ನಾನಾ?" ಎಂದಳು ಸರೋಜಕ್ಕ.

ಉಮಾನಾಥನ ದ್ರೋಹವನ್ನು ಅವಳು ಹೇಗೋ ನುಂಗಿಕೊಂಡಳು. ಹೆತ್ತವಳೇ ತನ್ನನ್ನು ಗೋಡೆಗೆ ಅಂಟಿಸಿದಳೆಂದು ನಂಬಿ, ಮಗಳು ವರ್ಷವಿಡೀ ಇವಳ ಕೈಯಡುಗೆಯನ್ನು ತುಟಿಬಿಚ್ಚದೆ ಉಂಡು ಎದ್ದು ಹೋಗಿದ್ದಳಲ್ಲ, ಅದನ್ನು ನುಂಗಲು ಇವತ್ತಿಗೂ ಸರೋಜಕ್ಕನಿಂದ ಆಗಿಲ್ಲ.