‘ನೋಡಣ’ ಅನ್ನುವ ಮನೆ

ಸಾದಲಿಯ ರಾಮಾಂಜಿನಪ್ಪನವರ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಕೇಳಿದವರು ಆ ಹೋಬಳಿಯಲ್ಲೇ ಇರಲಿಲ್ಲ. ಹಾಲಿನ ಡೇರಿಯ ಸೆಕ್ರೆಟರಿ ಅವರು. ಬೆಳಗಾದರೆ ಯಾರಾದರೊಬ್ಬರು ಏನಾದರೊಂದು ಕೇಳಿಕೊಂಡು ಬರುವುದೇ. ಆಗುವ ಕೆಲಸವಾದರೆ ‘ಆಯ್ತು ಬಿಡಪ್ಪ’ ಅನ್ನುವರು, ಆಗದ್ದಾದರೆ ‘ನೋಡಣ’. ಊರಿನವರಿಗೆ ಇದು ಗೊತ್ತು. ‘ನೋಡಣ’ ಅಂದ ಕೂಡಲೇ ಟವೆಲ್ಲು ಕೊಡವಿಕೊಂಡು ಎದ್ದುಬಿಡುತ್ತಾರೆ. ಗೌರಿಬಿದನೂರಿನ ಕಡೆಯಿಂದ ಬಂದು ನೆಲೆಸಿದ್ದ ಗಂಗುಲಪ್ಪನೊಬ್ಬ ಗೊತ್ತಿಲ್ಲದೆ, ಮಗನಿಗೆ ಡೇರಿಯಲ್ಲಿ ಕೆಲಸ ಸಿಕ್ಕೇಬಿಟ್ಟಿತೆಂದು ಅವನಿಗೆ ಹೊಸ ಪ್ಯಾಂಟು ಹೊಲಿಸಿ ಕೂತಿದ್ದ, ಪಾಪ!

ಮನೆಯೊಳಗೂ ಅದೇ ರೂಢಿ. ದೊಡ್ಡವರ ಎದುರಿಗೆ ‘ಆಗಲ್ಲ’ ಅಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಎಂದು ರಾಮಾಂಜಿನಪ್ಪನವರ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದ ಅಜ್ಜಿ ಮುನಿಗಂಗಮ್ಮ ಹೇಳಿಕೊಟ್ಟಿದ್ದಳು. ಹಿರಿಯವಳು ಮೌನಿಕಾ ಆ ಪಾಠವನ್ನು ಚೆನ್ನಾಗಿಯೇ ಕಲಿತಳು. ಎಷ್ಟು ಚೆನ್ನಾಗಿ ಅಂದರೆ, ಕೊನೆಗೆ ಅದೇ ಅವಳ ಕೊರಳಿಗೆ ಬಿತ್ತು.

ಮೌನಿಕಾ ವಿಮಾನ ಹಾರಿಸುವುದನ್ನು ಕಲಿಯಲು ಹೋದವಳು. ರಸ್ತೆ ಪಕ್ಕದ ಹಿಪ್ಪುನೇರಳೆ ತೋಟ ಅದರ ಫೀಸಿಗೇ ಮಾರಿಹೋಯಿತು. ಹಾರಾಟವೇನೋ ಬಂತು. ಆದರೆ ಮೋಡದೊಳಗೆ ಕಣ್ಣಿಗೇನೂ ಕಾಣದಾಗ ಬರೀ ಉಪಕರಣಗಳನ್ನು ನಂಬಿ ಹಾರಿಸಬೇಕಲ್ಲ, ಆ ಅರ್ಹತೆಯ ಪರೀಕ್ಷೆಯಲ್ಲಿ ಮೊದಲ ಸಲ ಮುಗ್ಗರಿಸಿದಳು. ಪರೀಕ್ಷಕರು, ವಿಮಾನ ದಾರಿ ಹಿಡಿಯುವ ಎರಡು ಬಗೆಗಳಾದ ಆರ್‌ನ್ಯಾವ್‌ಗೂ ಆರ್‌ಎನ್‌ಪಿಗೂ ಏನಮ್ಮ ವ್ಯತ್ಯಾಸ ಅಂದರೆ ಇವಳು ತಡವರಿಸಿ ಒಂದಕ್ಕೊಂದು ಕಲಸಿಬಿಟ್ಟಿದ್ದಳು. ದುಡ್ಡಿರುವುದು ಇನ್ನೊಂದೇ ಅವಕಾಶಕ್ಕೆ ಅಂತ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಮನೆಯೇ ಅಲ್ಲವಲ್ಲ ಅದು. ಆದರೂ ಎಲ್ಲರಿಗೂ ಗೊತ್ತಿತ್ತು.

ಊರಿಗೆ ಬಂದು ಕೂತು ಹಟ ಹಿಡಿದು ಓದಿದಳು. ಓದಿದ್ದನ್ನು ರೇಷ್ಮೆಯ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ತಂಗಿ ಹರಿತಾಳಿಗೆ ಒಪ್ಪಿಸುವುದು.

“ನೋಡೇ, ಮೊದ್ಲು ನೆಲದ ಮೇಲೆ ಅಲ್ಲಲ್ಲಿ ರೇಡಿಯೋ ಕಂಬ ನೆಟ್ಟಿರ್ತಿದ್ರು. ಒಂದ್ರ ಮೇಲಿಂದ ಇನ್ನೊಂದ್ರ ಮೇಲಕ್ಕೆ ಹಾರ್ಬೇಕಿತ್ತು. ಆರ್‌ನ್ಯಾವ್ ಬಂದ್ಮೇಲೆ ಅದಿಲ್ಲ. ಎಲ್ಲಿಂದ ಎಲ್ಲಿಗೆ ಬೇಕಾದ್ರೂ ನೇರ ದಾರಿ.”

“ಸರಿ. ಆರ್‌ಎನ್‌ಪಿ?”

“ಅದೂ ಹಂಗೇ. ಆದ್ರೆ ತನ್ನನ್ನ ತಾನೇ ಕಾಯ್ತಿರುತ್ತೆ. ಆರ್‌ಎನ್‌ಪಿ ಒಂದು ಅಂದ್ರೆ ದಾರಿಯಿಂದ ಆ ಕಡೆ ಒಂದು, ಈ ಕಡೆ ಒಂದು ಸಮುದ್ರದ ಮೈಲಿ, ಅಷ್ಟರೊಳಗೇ ಇರ್ಬೇಕು. ಇದ್ದೀನಿ ಅಂತ ನಂಬಿಕೆ ಹೋದ ತಕ್ಷಣ ಪೈಲಟ್ಗೆ ಹೇಳ್ಬಿಡುತ್ತೆ. ಈಗ ನಮ್ಮ ಶಿಡ್ಲಘಟ್ಟದ ಬಸ್ಸು ತಗೋ. ದಾರಿ ಗೊತ್ತಿರೋ ಡ್ರೈವರು ಆರ್‌ನ್ಯಾವ್. ದಾರಿನೂ ಗೊತ್ತಿದ್ದು, ಕಣ್ಣು ಮಂಜಾದ್ರೆ ‘ನಂಗಾಗ್ತಿಲ್ಲ ಕಣ್ರಯ್ಯಾ’ ಅಂತ ಕೂಗಿ ಹೇಳೋನು ಆರ್‌ಎನ್‌ಪಿ. ಅದು ಹೇಳಿದ್ನ ಪೈಲಟ್ಟು ಕೆಳಗೆ ಕಂಟ್ರೋಲ್ ಟವರಿನೋರಿಗೆ ಹೇಳ್ಬೇಕು. ‘ಅನೇಬಲ್ ಆರ್‌ಎನ್‌ಪಿ’ ಅಂತ. ಆಗಲ್ಲ ಅಂತ.”

ಹರಿತಾ ಸೊಪ್ಪಿನ ಮಂಕರಿ ಕೆಳಗಿಟ್ಟು ನಕ್ಕಳು. “ಹಂಗಾದ್ರೆ ನಮ್ಮನೇಲಿ ಒಬ್ರೂ ಆರ್‌ಎನ್‌ಪಿ ಅಲ್ಲ ಬಿಡಕ್ಕ.”

ಮೌನಿಕಾಳೂ ನಕ್ಕಳು. ಆ ಮಾತನ್ನು ಅವತ್ತೇ ಗಂಟು ಹಾಕಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಎರಡನೇ ಪರೀಕ್ಷೆಯ ದಿನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟಳು. ಪರೀಕ್ಷಕರು ನರೆತ ಮೀಸೆಯ ಹಿರಿಯರು. ನೋಡಿದರೆ ಎದ್ದು ನಿಲ್ಲಬೇಕೆನಿಸುವ ಮನುಷ್ಯ. “ಗುಡ್” ಅಂದರು. ಆಮೇಲೆ ಸಿಮ್ಯುಲೇಟರ್. ನಿಜವಾದ ವಿಮಾನವಲ್ಲ, ಅದರ ಮುಂಭಾಗದಂತೆಯೇ ಕಟ್ಟಿದ ಕೋಣೆ. ಗಾಜಿನಾಚೆ ಬರೀ ಬಿಳಿ ಮೋಡ. ಅವಳು ಉಪಗ್ರಹ ತೋರಿಸುವ ದಾರಿ ಹಿಡಿದು ರನ್‌ವೇಯತ್ತ ಇಳಿಸುತ್ತಿದ್ದಳು, ಅಪ್ರೋಚ್ ಅನ್ನುತ್ತಾರೆ ಅದಕ್ಕೆ. ದಾರಿ ತೋರುವ ಸೂಜಿ ನಡುವಿನಿಂದ ಅಲುಗಲಿಲ್ಲ.

ಆಗ ಪರದೆಯಲ್ಲಿ ಹಳದಿ ಅಕ್ಷರ ಮೂಡಿತು. ನಾನೆಲ್ಲಿದ್ದೇನೆಂಬ ಭರವಸೆ ನನಗಿಲ್ಲ ಎಂದು ಯಂತ್ರವೇ ಹೇಳುತ್ತಿತ್ತು. ಮೌನಿಕಾ ನೋಡಿದಳು. ಅರ್ಥವೂ ಆಯಿತು. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಹಿಂದೆ ಕೂತು ಕಂಟ್ರೋಲ್ ಟವರಿನವರ ಪಾತ್ರ ಮಾಡುತ್ತಿದ್ದ ಆ ಹಿರಿಯರು ಗಡಸು ದನಿಯಲ್ಲಿ, “ಅಪ್ರೋಚ್ ಮುಂದುವರಿಸ್ತೀರಾ?” ಎಂದು ಕೇಳಿದರು.

“ಸ್ಟ್ಯಾಂಡ್‌ಬೈ, ಸರ್” ಅಂದುಬಿಟ್ಟಳು.

ಸ್ಟ್ಯಾಂಡ್‌ಬೈ ಅಂದರೇನು? ಸ್ವಲ್ಪ ಇರಿ, ನೋಡಣ. ಅಯ್ಯೋ ಹುಡುಗಿ! ವಿಮಾನದ ಮೂಗು ಮೇಲೆತ್ತಿ ವಾಪಸು ಏರಬೇಕಿತ್ತು. ಅವಳು ಸರಿಹೋಗಬಹುದು, ಸರಿಹೋಗಬಹುದು ಎಂದು ಇಳಿಯುತ್ತಲೇ ಇದ್ದಳು. ಪರೀಕ್ಷಕರು ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದರು.

“ಈಗ ಎಲ್ಲಿದ್ದೀಯಮ್ಮ?”

“ಗೊತ್ತಿಲ್ಲ ಸರ್.”

“ಗೊತ್ತಿಲ್ಲ ಅಂತ ಆವಾಗ್ಲೇ ಯಾಕೆ ಹೇಳಲಿಲ್ಲ?”

ಪರೀಕ್ಷಕರು ಹಾಳೆಯಲ್ಲಿ ಫೇಲ್ ಎಂದು ಬರೆದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಊರಿಗೆ ಬಂದು ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಮನೆಯವರೂ ಕೇಳಲಿಲ್ಲ. ಅಜ್ಜಿ ಮಾತ್ರ ತಟ್ಟೆಗೆ ಮುದ್ದೆ ಹಾಕುವಾಗಲೆಲ್ಲ “ತಿನ್ನು ತಲ್ಲಿ, ತಿನ್ನಮ್ಮ” ಅನ್ನುವಳು. ಮೂರನೆಯ ದಿನ ಸಂಜೆ ಅಪ್ಪ ಡೇರಿಯಿಂದ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತಾಗ ಮೌನಿಕಾ ಎದುರಿಗೆ ಹೋಗಿ ನಿಂತಳು.

“ಅಪ್ಪಾ, ಇನ್ನೊಂದೇ ಒಂದ್ಸಲ. ಎಲ್ಲಿ ತಪ್ಪಿದೆ ಅಂತ ಈಗ ಗೊತ್ತಾಗಿದೆ. ಕಳಿಸ್ತೀಯಾ?”

ರಾಮಾಂಜಿನಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಂಡರು.

“ನೋಡಣ ಕಣಮ್ಮ.”

ಬೇರೆ ದಿನವಾಗಿದ್ದರೆ ಅವಳೂ ಊರಿನವರ ಹಾಗೆ ಸುಮ್ಮನೆ ತಿರುಗಿ ಹೋಗುತ್ತಿದ್ದಳು. ಅವತ್ತು ಕಾಲು ಕದಲಲಿಲ್ಲ.

“ಹಂಗನ್ಬೇಡಪ್ಪ. ನೀನು ನೋಡಣ ಅಂದ್ರೆ ನಾನು ಕಾಯ್ತಾ ಇಳೀತಾನೇ ಇರ್ತೀನಿ. ಆಗೋದಾದ್ರೆ ಆಗುತ್ತೆ ಅನ್ನು. ಇಲ್ದಿದ್ರೆ ಬಾಯಿಬಿಟ್ಟು ಹೇಳ್ಬಿಡು. ನಿನ್ ಕಾಲು ಹಿಡ್ಕೋತೀನಿ.”

ಒಳಗಿನಿಂದ ಅಜ್ಜಿ, “ಏನೇ ಅದು, ಅಪ್ಪನ ಹತ್ರ ಮಾತಾಡೋ ರೀತಿ?” ಎಂದು ಗದರಿದಳು. ಅಪ್ಪ ಒಳಗಿನತ್ತ ಕೈಯೆತ್ತಿ ಅಜ್ಜಿಯನ್ನು ಸುಮ್ಮನಾಗಿಸಿದರು. ಹುಳುಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದು ಜಗಲಿಯವರೆಗೂ ಬರುತ್ತಿತ್ತು.

“ಉಳಿದಿರೋದು ಅಜ್ಜಿ ತೋಟ ಒಂದೇ” ಎಂದರು. “ಅದನ್ನ ಕೊಡು ಅಂತ ನಮ್ಮಮ್ಮನ್ನ ಕೇಳಕ್ಕೆ ನನ್ ಕೈಲಿ...” ಟವೆಲ್ಲನ್ನು ಕೈಯಲ್ಲಿ ಮುದುರಿದರು. “ಆಗಲ್ಲ ಕಣಮ್ಮ.”

ಅಷ್ಟು ವರ್ಷದ ಮೇಲೆ ಆ ಮನೆಯಲ್ಲಿ ಆ ಮಾತು ಹೊರಬಿತ್ತು. ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮೌನಿಕಾ ಪಕ್ಕದಲ್ಲಿ ಕುಸಿದು ಕೂತು, ಅವರ ಮೊಣಕಾಲಿನ ಮೇಲೆ ತಲೆಯಿಟ್ಟು, ಮೂರು ದಿನದಿಂದ ಬಾರದಿದ್ದ ಅಳುವನ್ನೆಲ್ಲ ಅತ್ತಳು.

“ಸರಿ ಅಪ್ಪಾ” ಎಂದಳು ಕೊನೆಗೆ. “ಗೊತ್ತಾಯ್ತು.”