ಕಾರ್ಡಿನಲ್ಲಿ ಗೌರಮ್ಮ, ಆಧಾರಿನಲ್ಲಿ ಪುಟ್ಟತಾಯಮ್ಮ

ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದೆ. ಬಲ ಪಕ್ಕೆಯ ಕೆಳಗೆ ಚುಳುಕ್ ಎಂದಿತು. ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿದೆ. ಸಂಜೆಯ ಹೊತ್ತಿಗೆ ಬಗ್ಗಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ರಾಮನಗರದಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, "ಗಾಲ್ ಬ್ಲಾಡರ್‌ನಲ್ಲಿ ಕಲ್ಲುಗಳಿವೆ ಅಮ್ಮ, ಊದಿಕೊಂಡಿದೆ. ಬೇಗ ಆಪರೇಷನ್ ಆಗಬೇಕು. ಶುಗರೂ ಇದೆ" ಎಂದರು.

ಎಪ್ಪತ್ತು ವರ್ಷ ಒಂದು ಮಾತ್ರೆ ನುಂಗದವಳು ನಾನು!

ನಮ್ಮ ಯಜಮಾನರು ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದವರು. ಮಾಜಿ ಸೈನಿಕರ ಆರೋಗ್ಯ ಕಾರ್ಡ್ ನಮ್ಮಿಬ್ಬರಿಗೂ ಇತ್ತು. ಅವರು ತಿಂಗಳು ತಿಂಗಳು ಬಿಪಿ ಮಾತ್ರೆ ತರುತ್ತಿದ್ದರು. ನನ್ನ ಕಾರ್ಡು ಟ್ರಂಕಿನಿಂದ ಆಚೆ ಬಂದೇ ಇರಲಿಲ್ಲ. "ಯಾಕಮ್ಮಿ ಹೆದರ್ಕತೀಯ? ಎಲ್ಲಾ ಆಯ್ತದೆ, ನಡಿ" ಎಂದು ಮೀಸೆ ತಿರುವಿಕೊಂಡು ಸೈನಿಕರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಕೌಂಟರಿನ ಹುಡುಗಿ ಕಾರ್ಡನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು ನೋಡಿದಳು.

"ಇವರು ಪುಟ್ಟತಾಯಮ್ಮ. ಕಾರ್ಡ್‌ನಲ್ಲಿರೋ ಗೌರಮ್ಮ ಎಲ್ಲಿ?"

ಶಿವನೇ!

ಇದೆಲ್ಲ ನಮ್ಮತ್ತೆಯ ಕೆಲಸ. ಅವರ ಹೆಸರೂ ಪುಟ್ಟತಾಯಮ್ಮ. "ಸೊಸೇನ ಹೆಸ್ರಿಡ್ದು ಬಯ್ದ್ರೆ ನನ್ನನ್ನೇ ಬಯ್ಕೊಂಡಂಗಾಯ್ತದೆ" ಎಂದು ಮದುವೆಯ ಮಾರನೇ ದಿನವೇ ನನ್ನನ್ನು ಗೌರಮ್ಮ ಮಾಡಿಬಿಟ್ಟರು. ಮಿಲಿಟರಿ ದಾಖಲೆಯಲ್ಲೂ ಅದೇ ಹೋಯಿತು. ಅತ್ತೆ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಆಧಾರ್ ಬಂದಾಗ, ನಾನು ಯಾರಿಗೂ ಹೇಳದೆ ಶಾಲೆಯ ಟಿ.ಸಿ. ತೋರಿಸಿ, ಅಪ್ಪ ಇಟ್ಟ ಹೆಸರನ್ನೇ ಬರೆಸಿಕೊಂಡು ಬಂದಿದ್ದೆ. ಆ ಹಟಕ್ಕೆ ಈಗ ನಾನೇ ಸಿಕ್ಕಿಬಿದ್ದೆ.

ಮೈದುನ ಸಿದ್ದರಾಜು ಅಲ್ಲಿಗೇ ಬಂದು, "ಅತ್ತಿಗೆ, ಎಪ್ಪತ್ತಾದೋರ್ಗೆ ಸರ್ಕಾರದ್ದೇ ಬೇರೆ ಕಾರ್ಡ್ ಐತೆ, ಆಪರೇಷನ್ ಪುಕ್ಸಟ್ಟೆ. ಆಧಾರ್ ಇದ್ರೆ ಸಾಕು, ನಾಳೇನೇ ಮಾಡಿಸ್ಬುಡಿ" ಎಂದ. ನನಗೂ ಸರಿ ಎನಿಸಿತು. ಕೌಂಟರಿನ ಹುಡುಗಿಯನ್ನು ಕೇಳಿದರೆ, "ಎರಡರಲ್ಲಿ ಒಂದೇ ಅಮ್ಮ. ಅದನ್ನ ತಗೊಂಡ್ರೆ ಇದನ್ನ ಬಿಡಬೇಕು. ಆಮೇಲೆ ತಿಂಗಳ ಮಾತ್ರೆ ಇಲ್ಲಿ ಸಿಗಲ್ಲ" ಎಂದಳು. ಆಪರೇಷನ್ ಒಂದು ದಿನದ್ದು, ಶುಗರ್ ಸಾಯೋ ತನಕದ್ದು. ಹಾಗಂತ ನೋವು ಕಾಯುತ್ತದೆಯೇ? ಮನೆಗೆ ಬಂದು ಅತ್ತೆಯ ಫೋಟೋ ಮುಂದೆ ನಿಂತು ಚೆನ್ನಾಗಿ ಬೈದೆ. ಆ ಕಾರ್ಡು ಯಜಮಾನರು ಹಿಮದಲ್ಲಿ ನಿಂತು ದುಡಿದದ್ದು; ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಮಾರನೇ ದಿನ ಆ ಹುಡುಗಿಯೇ ಫೋನ್ ಮಾಡಿದಳು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ತಂದರೆ ಕ್ಲಿನಿಕ್ಕಿನ ಡಾಕ್ಟರು ಆಸ್ಪತ್ರೆಗೆ ಪತ್ರ ಕೊಡುತ್ತಾರಂತೆ, ಕಾರ್ಡನ್ನು ಆಮೇಲೆ ತಿದ್ದಿಸಬಹುದಂತೆ. ಆ ಮಗುವಿನ ಹೊಟ್ಟೆ ತಣ್ಣಗಿರಲಿ!

ಚನ್ನಪಟ್ಟಣದ ನೋಟರಿ ಕನ್ನಡಕದ ಮೇಲಿಂದ ನೋಡಿದರು. "ಗೌರಮ್ಮ ಯಾರು, ಪುಟ್ಟತಾಯಮ್ಮ ಯಾರು?"

ಯಜಮಾನರು ಅಟೆನ್ಷನ್‌ನಲ್ಲಿ ನಿಂತುಬಿಟ್ಟರು. "ಎರಡೂ ಇವ್ಳೇ ಸಾರ್. ನಂಗಿರೋಳು ಒಬ್ಳೇ."

ನೋಟರಿ ನಕ್ಕು ಸೀಲು ಒತ್ತಿದರು. ನನಗೆ ನಾಚಿಕೆಯೋ ನಾಚಿಕೆ, ಒಳಗೊಳಗೇ ಹಿಗ್ಗು. ನಾಲ್ಕನೇ ದಿನ, ಕ್ಲಿನಿಕ್ಕಿನ ಪಟ್ಟಿಯಲ್ಲಿದ್ದ ಆಸ್ಪತ್ರೆಯಲ್ಲಿ, ಸೈನಿಕರ ಕಾರ್ಡಿನಲ್ಲೇ ಆಪರೇಷನ್ ಆಯಿತು.

ರಿಕವರಿ ರೂಮಿನಲ್ಲಿ ಯಾರೋ ಆಧಾರಿನ ಹೆಸರು ಹಿಡಿದು ಕೂಗುತ್ತಿದ್ದರು. "ಪುಟ್ಟತಾಯಮ್ಮ! ಪುಟ್ಟತಾಯಮ್ಮ, ಕಣ್ಣು ಬಿಡಿ!"

ಮಂಪರಿನಲ್ಲಿ ನಾನು, "ಅವ್ರಿಲ್ಲ ಕಣವ್ವ, ತೀರ್ಕಂಡ್ರು" ಎಂದೆನಂತೆ.

ಪಾಪ, ನರ್ಸ್ ಗಾಬರಿಬಿದ್ದು ಯಜಮಾನರನ್ನು ಒಳಗೆ ಕರೆದಳು. ಅವರು ಕಿವಿಯ ಹತ್ತಿರ ಬಗ್ಗಿದರು. ತಾಯಿಯ ಹೆಸರೆಂದು ಐವತ್ತು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಹಾಗೆ ಕರೆದವರಲ್ಲ.

"ಪುಟ್ಟತಾಯಿ, ನಿನ್ನೇ ಕಣಮ್ಮಿ ಕರೀತಿರೋದು."

ಹೊಲಿಗೆ ನೋಯುತ್ತಿದ್ದರೂ ನಗು ಬಂದುಬಿಟ್ಟಿತು. ಕಣ್ಣು ಬಿಟ್ಟೆ.

"ಇದೀನಿ ಕಣ್ರೀ" ಎಂದೆ.