ಸೊರಬದ ಗಾಳಿಗೆ ಎಷ್ಟುದ್ದದ ಬಾಲ?

ಹೋದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಊಟದ ಟೇಬಲ್ ಮೇಲೆ ಮೂರು ಬಾಲಗಳಿದ್ದವು.

ಗಾಬರಿ ಬೇಡ, ಯಾವ ಪ್ರಾಣಿಯದ್ದೂ ಅಲ್ಲ. ನನ್ನ ಅಣ್ಣನ ಮಗಳು ನಯನಾಳ ಬೋರ್ಡಿನ ಬಾಲಗಳು. ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಈ ಹುಡುಗಿ ಅಲ್ಲಿ ಸಮುದ್ರದ ಗೆಳೆತನ ಮಾಡಿ ಹೈಡ್ರೋಫಾಯಿಲ್ ಎಂಬ ಹುಚ್ಚು ಹತ್ತಿಸಿಕೊಂಡಿದ್ದಾಳೆ. ಒಂದು ಹಲಗೆ. ಅದರ ಅಡಿಯಲ್ಲಿ ನೀರಿಗಿಳಿಯುವ ಕಂಬ. ಕಂಬದ ತುದಿಯಲ್ಲಿ ಪುಟ್ಟ ವಿಮಾನದ ಹಾಗೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೆ ಬಾಲಕ್ಕೊಂದು ಚಿಕ್ಕ ರೆಕ್ಕೆ. ನಿಂತು ಹುಟ್ಟು ಹಾಕಿ ವೇಗ ಬಂದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಆಮೇಲೆ ಬೆನ್ನಿಗೆ ಬೀಸುವ ಗಾಳಿ ಎಬ್ಬಿಸಿದ ಅಲೆಗಳನ್ನು ಹಿಡಿದು ಹೋಗುತ್ತಲೇ ಇರುವುದು. (ವಾಪಸ್ ಬರುವುದು ಹೇಗೆ? ಬರುವುದಿಲ್ಲ. ಆಚೆ ದಡಕ್ಕೆ ಯಾರಾದರೂ ಹೋಗಿ ಕರೆತರಬೇಕು.)

ಈ ವಾರ ಸಮುದ್ರದಲ್ಲಿ ಅವಳ ಮೊದಲ ದೂರದ ಓಟವಿತ್ತು. ಗಾಳಿ ಕಡಿಮೆ ಇರುತ್ತದೆ ಎಂದು ಮೊಬೈಲ್ ಹೇಳಿತ್ತಂತೆ. ಯಾವ ಬಾಲ ಹಾಕುವುದು? ಪರೀಕ್ಷೆ ಮಾಡಲು ಕಾರಿನ ತಲೆಯ ಮೇಲೆ ಹಲಗೆ ಕಟ್ಟಿಕೊಂಡು ಸೊರಬದ ನಮ್ಮ ಕೆರೆಗೇ ಬಂದಿದ್ದಳು.

"ಇಲ್ಲಿಗ್ಯಾಕೆ ಬಂದ್ಯೇ ಮಾರಾಯ್ತಿ?" ಎಂದೆ.

"ಅಪ್ಪ ಯಾವಾಗ್ಲೂ ಹೇಳ್ತಾರಲ್ಲ ಅತ್ತೆ, ಸೊರಬದಲ್ಲಿ ಗಾಳಿನೇ ಇಲ್ಲ ಅಂತ. ಪ್ರಾಕ್ಟೀಸಿಗೆ ನಂಗೆ ಅಂಥ ಜಾಗನೇ ಬೇಕಿತ್ತು."

ಚಕ್ಕುಲಿ ಒರಳಿನ ಬಿಲ್ಲೆಗಳಂತೆ ಬಾಲಗಳನ್ನು ಸಾಲಾಗಿಟ್ಟು ವಿವರಿಸಿದಳು. ದೊಡ್ಡ ಬಾಲ ಹಾಕಿದರೆ ಹಲಗೆ ಅಲುಗಾಡುವುದಿಲ್ಲ, ಬೇಗ ಮೇಲೇಳಬಹುದು. ಆದರೆ ಎದ್ದ ಮೇಲೆ ಅದೇ ಬಾಲ ಹಿಂದಕ್ಕೆ ಜಗ್ಗುತ್ತದೆ. ಚಿಕ್ಕ ಬಾಲವಾದರೆ ಏಳುವುದೇ ಸಾಹಸ, ಎದ್ದರೆ ಮಾತ್ರ ಜಾರಿಕೊಂಡು ಹೋಗುತ್ತಲೇ ಇರಬಹುದು. "ಗಾಳಿ ಜೋರಿದ್ರೆ ತಲೆಬಿಸಿ ಇಲ್ಲ ಅತ್ತೆ. ಕಮ್ಮಿ ಇದ್ದಾಗ್ಲೇ ಬಾಲದ ಲೆಕ್ಕ."

ಗಾಳಿ ಬಂದಾಗ ತೂರಿಕೋ ಅಂತಾರೆ. ಗಾಳಿ ಬಾರದಿದ್ದಾಗ ಏನು ಮಾಡಬೇಕು ಅಂತ ಗಾದೆ ಕಟ್ಟಿದವರು ಯಾಕೆ ಹೇಳಲಿಲ್ಲ?

ನಾನು ಅಣ್ಣನ ಮುಖ ನೋಡಿದೆ. ಮಗಳ ಸಾಹಸ ನೋಡಲೆಂದು ಶಿಕಾರಿಪುರದಿಂದ ಬೆಳಗಿನ ಬಸ್ಸಿಗೇ ಬಂದಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವನು. ಅವನು ಉಪ್ಪಿಟ್ಟಿನ ತಟ್ಟೆಯನ್ನೇ ನೋಡುತ್ತಿದ್ದ. ಬಾಲದ ಈ ಲೆಕ್ಕ ನಮ್ಮಿಬ್ಬರಿಗೂ ಹಳೆಯದು.

ನಾವು ಹುಟ್ಟಿದ್ದು ಶಿಕಾರಿಪುರದಲ್ಲಿ. ಬಯಲುಸೀಮೆ ಹತ್ತಿರ ನೋಡಿ, ಆಷಾಢದ ಗಾಳಿ ಅಂದರೆ ತಲೆಯ ಮೇಲಿನ ಟೋಪಿ ಪಕ್ಕದ ಓಣಿಗೆ. ಅಲ್ಲಿ ಗಾಳಿಪಟಕ್ಕೆ ಉದ್ದ ಬಾಲಂಗೋಚಿ ಕಟ್ಟಲೇಬೇಕು. ಇಲ್ಲದಿದ್ದರೆ ಗಿರಗಿರ ತಿರುಗಿ ನೆಲಕ್ಕೆ ಬಡಿಯುತ್ತದೆ. ನಮ್ಮ ಓಣಿಯಲ್ಲಿ ಬಾಲವೆಂದರೆ ಅವರವರ ಅಮ್ಮನ ಹಳೇ ಸೀರೆಯ ಪಟ್ಟಿ. ಆಕಾಶ ನೋಡಿಯೇ ಯಾವ ಪಟ ಯಾರ ಮನೆಯದು ಅಂತ ಹೇಳುತ್ತಿದ್ದೆವು. ಹಸಿರು ಗೀಟಿನದ್ದು ಕುಂಬಾರರ ಮನೆಯದು. ನೀಲಿಯಲ್ಲಿ ಅರಿಶಿನ ಬಣ್ಣದ ಚೌಕಳಿ ನಮ್ಮದು.

ನಾನಿನ್ನೂ ಶಾಲೆಗೆ ಸೇರಿರಲಿಲ್ಲ, ಅಮ್ಮ ತೀರಿಕೊಂಡಳು. ಅವಳ ಸೀರೆಗಳನ್ನೆಲ್ಲ ಪದ್ಧತಿಯಂತೆ ಯಾರ್ಯಾರಿಗೋ ಕೊಟ್ಟುಬಿಟ್ಟರು. ಆಮೇಲೆ ಅಪ್ಪನಿಗೆ ಸೊರಬಕ್ಕೆ ವರ್ಗವಾಯಿತು. ಅಮ್ಮನದು ಅಂತ ನಮ್ಮ ಜೊತೆ ಬಂದದ್ದು ಪಟದ ಬಾಲ ಒಂದೇ.

ಸೊರಬದ ಗಾಳಿ ಬೇರೆ. ಮರಗಳ ನಡುವೆ ಸೋಸಿಕೊಂಡು, ಯಾರನ್ನೂ ನೋಯಿಸದ ಹಾಗೆ ಬರುತ್ತದೆ. ಅಣ್ಣ ಕೆರೆ ಏರಿಯ ಮೇಲೆ ಶಿಕಾರಿಪುರದ ಅಳತೆಯ ಬಾಲ ಕಟ್ಟಿ ಪಟ ಬಿಟ್ಟ. ಅದು ಎರಡಾಳೆತ್ತರ ಹೋಗಿ, ಸುಸ್ತಾಗಿ, ಕೂತುಬಿಟ್ಟಿತು. ಮರುದಿನವೂ ಅಷ್ಟೇ. ಪಕ್ಕದ ಮನೆಯ ಲಲಿತಕ್ಕ ಬಟ್ಟೆ ಒಗೆಯುತ್ತಲೇ ಹೇಳಿದರು, "ಬಾಲ ತುಂಡು ಮಾಡಾ. ಇಲ್ಲಿ ಗಾಳಿಗೆ ಅಷ್ಟುದ್ದ ಎಂತಕ್ಕೆ?"

ಅಣ್ಣ ಮಾಡಲಿಲ್ಲ. "ಸೊರಬದಾಗ ಗಾಳಿನೇ ಇಲ್ಲ" ಅಂದ. ಪಟ ಸುತ್ತಿ ಅಟ್ಟಕ್ಕೆ ಹಾಕಿದ, ಬಾಲವನ್ನು ತನ್ನ ಟ್ರಂಕಿನಲ್ಲಿಟ್ಟುಕೊಂಡ. ಕೆಲಸ ಸಿಕ್ಕಿ ಶಿಕಾರಿಪುರಕ್ಕೆ ವಾಪಸ್ ಹೋಗುವಾಗ ಬಾಲವೂ ಹೋಯಿತು. ನಾನು ಇಲ್ಲೇ ಮದುವೆಯಾಗಿ ಇಲ್ಲೇ ಉಳಿದೆ. ಅವನು ಯಾವಾಗ ಬಂದರೂ ಚಪ್ಪಲಿ ಬಿಡುವ ಮೊದಲು ಅದೇ ಮಾತು. ಫ್ಯಾನು ತಿರುಗುತ್ತಿದ್ದರೂ ಅದೇ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ನನಗೇನು ಬೇಕಿತ್ತು ಗೊತ್ತೇ? ಆ ಸೀರೆಯ ಒಂದು ಗೇಣು. ಅಣ್ಣನಿಗೆ ಅಮ್ಮನ ಮುಖ, ದನಿ, ಬೈಗುಳ ಎಲ್ಲ ನೆನಪಿದೆ. ನನಗಿರುವುದು ಆ ನೀಲಿ ಮಾತ್ರ. ನನ್ನ ಮದುವೆಯ ಹಿಂದಿನ ದಿನ ಕೇಳಿಯೂ ಇದ್ದೆ. "ಹರದ್ರ ಹರದಂಗ ಆತು, ಮತ್ ಕೂಡತೈತೇನು?" ಅಂದಿದ್ದ. ಆಮೇಲೆ ಕೇಳಲಿಲ್ಲ. ಅವನ ಮೇಲೆ ಸಿಟ್ಟು ಮಾತ್ರ ಸಣ್ಣಗೆ ಉಳಿದೇ ಇತ್ತು.

ಕೆರೆಗೆ ಹೋದೆವು. ನಯನಾ ಲೈಫ್ ಜಾಕೆಟ್ ಹಾಕಿಕೊಂಡು, ದೊಡ್ಡ ಬಾಲ ಬಿಗಿದು ನೀರಿಗಿಳಿದಳು. ನಾಲ್ಕು ಸಲ ಜೋರಾಗಿ ಹುಟ್ಟು ಹಾಕಿದ್ದೇ ಹಲಗೆ ಎದ್ದಿತು. ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಕೂತುಬಿಟ್ಟಿತು. ಥೇಟ್ ನಮ್ಮ ಪಟ. ಚಿಕ್ಕ ಬಾಲ ಹಾಕಿದಳು. ಏಳುವ ಮೊದಲೇ ಹಲಗೆ ಅತ್ತ, ಇವಳು ಇತ್ತ. ಒದ್ದೆ ಕೂದಲು ಹಿಂಡಿಕೊಳ್ಳುತ್ತ ದಡಕ್ಕೆ ಬಂದು ಕೇಳಿದಳು, "ಅಪ್ಪಾ, ಹಗೂರದ್ದು ಒಂದು ಬಟ್ಟೆ ತರೋಕೆ ಹೇಳಿದ್ನಲ್ಲ? ಕೋಲಿಗೆ ಕಟ್ಟಿ. ಗಾಳಿ ಯಾವಾಗ ಬರತ್ತೆ, ಯಾವ ಕಡೆಯಿಂದ ಬರತ್ತೆ ಗೊತ್ತಾಗ್ಲಿ."

ಅಣ್ಣ ಚೀಲದಿಂದ ತೆಗೆದ. ನೀಲಿ. ಅರಿಶಿನ ಬಣ್ಣದ ಚೌಕಳಿ.

"ಹಗೂರದ್ದು ಮನ್ಯಾಗ ಬ್ಯಾರೆ ಸಿಗಲಿಲ್ಲ" ಅಂದ, ಯಾರೂ ಕೇಳದಿದ್ದರೂ.

ಕೋಲಿಗೆ ಕಟ್ಟಿ ಏರಿಯ ಮೇಲೆ ನೆಟ್ಟ. ಅಷ್ಟುದ್ದದ ಪಟ್ಟಿ ಜೋತುಬಿದ್ದು ನೆಲ ಮುಟ್ಟಿಕೊಂಡು ನಿಂತಿತು. ಅಣ್ಣ ಗೆದ್ದವನಂತೆ ನನ್ನ ಕಡೆ ತಿರುಗಿದ. "ನೋಡು. ಐತೇನು ಗಾಳಿ?"

"ಗಾಳಿ ಇದೆ ಅಪ್ಪಾ," ನಯನಾ ನೀರಿನ ಅಂಚಿನಿಂದಲೇ ಹೇಳಿದಳು. "ನನ್ನ ಕೆನ್ನೆಗೆ ಗೊತ್ತಾಗ್ತಿದೆ. ಬಟ್ಟೆ ಉದ್ದ ಆಯ್ತು."

ಅವಳಿಗೆ ಅದು ಬರೀ ಬಟ್ಟೆ. ಅವನು ಯಾವತ್ತೂ ಹೇಳಿಲ್ಲ. ಅಣ್ಣ ಕೋಲಿನ ಹತ್ತಿರ ಹೋದ. ಕೋಲು ಕಿತ್ತು ಮನೆಗೆ ಹೊರಡುತ್ತಾನೆ ಅಂದುಕೊಂಡೆ. ಮಗಳು ಹಲಗೆಯ ಮೇಲೆ ಕೂತು ಕಾಯುತ್ತಿದ್ದಳು.

ಅವನು ಬಗ್ಗಿ, ಪಟ್ಟಿಯ ಅಂಚನ್ನು ಹಲ್ಲಲ್ಲಿ ಕಚ್ಚಿ, ಹರಿದ. ಹಳೇ ಕಾಟನ್ನು, ಸದ್ದೇ ಆಗಲಿಲ್ಲ.

ಕೋಲಿನಲ್ಲಿ ಉಳಿದ ಗೇಣುದ್ದದ ತುಂಡು ಒಮ್ಮೆ ಅಲುಗಿತು. ಮತ್ತೆ ಅಲುಗಿತು. ಆಮೇಲೆ ಆಚೆ ದಡದ ಕಡೆ ಕೈ ಚಾಚಿಕೊಂಡು ನಿಂತಿತು. ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಯನಾ ಈ ಸಲ ನಡುವಿನ ಬಾಲ ಹಾಕಿದಳು. (ಸಮುದ್ರಕ್ಕೂ ಕೊನೆಗೆ ಅದನ್ನೇ ಒಯ್ದಳು.) ಬಟ್ಟೆಯನ್ನೇ ನೋಡುತ್ತ ಕಾದಳು, ಅದು ನೆಟ್ಟಗಾದ ಕೂಡಲೇ ಹುಟ್ಟು ಹಾಕಿದಳು. ಹಲಗೆ ಎದ್ದಿತು. ಕೂರಲಿಲ್ಲ. ತಾವರೆ ಬಳ್ಳಿಗಳನ್ನು ಬಳಸಿಕೊಂಡು, ಚಿಕ್ಕದಾಗುತ್ತ, ಹೋಗುತ್ತಲೇ ಇದ್ದಳು.

ಆಚೆ ದಡದಿಂದ ಕರೆತರಲು ಅಣ್ಣ ಕಾರಿನ ಕೀ ಹುಡುಕತೊಡಗಿದ. ಹರಿದ ಮೇಲೆ ಉಳಿದ ಪಟ್ಟಿ ಕೈಯಲ್ಲೇ ಇತ್ತು. ನನ್ನ ಮಡಿಲಿಗೆ ಹಾಕಿ, "ಹಿಡಕೊ" ಅಂದ. ಎರಡು ಹೆಜ್ಜೆ ಹೋದವನು ತಿರುಗದೆಯೇ ಹೇಳಿದ, "ನಿನ್ ಹತ್ರನ ಇರ್ಲಿ. ನಿಂಗೂ ಅವ್ವನ ಅಲ್ಲೇನು."

ಈಗ ಅದು ನನ್ನ ಕಪಾಟಿನಲ್ಲಿದೆ. ನಾನು ಕೇಳಿದ್ದು ಒಂದು ಗೇಣು. ಗೇಣುದ್ದ ಅವನು ತಾನಿಟ್ಟುಕೊಂಡ, ಮಿಕ್ಕಿದ್ದೆಲ್ಲ ನನಗೆ ಕೊಟ್ಟ.

ಸೊರಬದಲ್ಲಿ ಗಾಳಿಯೇ ಇಲ್ಲ ಅಂತ ನಮ್ಮಣ್ಣ ಇನ್ನು ಯಾವ ಬಾಯಲ್ಲಿ ಹೇಳುತ್ತಾನೆ?